ಹಣ್ಣಿನ ತಲೆಗೆ ಕಟ್ಟಿದ ಗಂಟಲುನೋವು

ಮಗುವಿಗೆ ಗಂಟಲು ನೋವು ಬಂತೆಂದರೆ ಮನೆಯಲ್ಲಿ ಮೊದಲ ವಿಚಾರಣೆ ಹಣ್ಣಿನದು. ನಿನ್ನೆ ಬಾಳೆಹಣ್ಣು ತಿಂದಿತ್ತಲ್ಲ, ಶೀತ ಆಗದೆ ಇನ್ನೇನು ಎಂದು ತೀರ್ಪೂ ಆಗಿಬಿಡುತ್ತದೆ. ಈ ತೀರ್ಪು ತಪ್ಪು. ಗಂಟಲುನೋವು ತರುವುದು ಬಹುಮಟ್ಟಿಗೆ ವೈರಸ್. ನೆಗಡಿಯ ವೈರಸ್ ಮೈಸೇರಿ ಲಕ್ಷಣ ತೋರಲು ಸಾಮಾನ್ಯವಾಗಿ 1ರಿಂದ 3 ದಿನ ಬೇಕು. ಅಷ್ಟರಲ್ಲಿ ಮಗು ಏನೆಲ್ಲ ತಿಂದಿರುತ್ತದೆ. ಸಿಕ್ಕಿಬೀಳುವುದು ಮಾತ್ರ ಹಣ್ಣು.

ಹಣ್ಣು ಗಂಟಲನ್ನು ಕಾಡುವುದೇ ಇಲ್ಲವೆಂದಲ್ಲ. ಕಾಡಿದರೆ ಸಾಮಾನ್ಯವಾಗಿ ತಿಂದ ನಿಮಿಷಗಳಲ್ಲೇ ಗೊತ್ತಾಗುತ್ತದೆ. ಅನಾನಸನ್ನೇ ನೋಡಿ. ನಾಲ್ಕು ಹೋಳು ತಿಂದರೆ ನಾಲಿಗೆಯ ಅಂಚು ಚುರುಗುಟ್ಟಿ, ಗಂಟಲು ಕೆರೆಯತೊಡಗುತ್ತದೆ. ಅದರಲ್ಲಿರುವ ಬ್ರೋಮೆಲಿನ್ ಪ್ರೋಟೀನನ್ನು ಒಡೆಯುವ ಕಿಣ್ವ. ಜೊತೆಗೆ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ; ಕೆಸುವಿನ ಎಲೆ ತುರಿಸುವುದೂ ಇಂಥವುಗಳಿಂದಲೇ. ಮೇಲೆ ಹುಳಿ ಬೇರೆ. ಅದೇ ಅನಾನಸ್ ಗೊಜ್ಜಾಗಿ ಕುದಿದರೆ ಕಿಣ್ವ ಕೆಲಸ ಕಳೆದುಕೊಳ್ಳುತ್ತದೆ, ಅಷ್ಟಾಗಿ ಕೆರೆಯುವುದಿಲ್ಲ. ಇನ್ನೊಂದು ಮಾತು: ನಮ್ಮ ಮನೆಗಳಲ್ಲಿ ಅನಾನಸ್ ಉಷ್ಣದ ಪಟ್ಟಿಯಲ್ಲಿದೆ. ಗಂಟಲನ್ನು ನಿಜಕ್ಕೂ ಕೆರೆಯುವ ಹಣ್ಣೇ ಶೀತವಲ್ಲವೆಂದಾದರೆ ಶೀತ-ಉಷ್ಣದ ಆ ಲೆಕ್ಕವನ್ನು ನಂಬುವುದು ಹೇಗೆ?

ಹಣ್ಣು ಗಂಟಲನ್ನು ಕಾಡುವ ಎರಡನೆಯ ದಾರಿ ಅಲರ್ಜಿ. ಪರಾಗದ ಅಲರ್ಜಿ ಇರುವ ಕೆಲವರಿಗೆ ಹಸಿ ಹಣ್ಣಿನ ಪ್ರೋಟೀನು ಪರಾಗದ್ದರಂತೆಯೇ ಕಂಡು ತುಟಿ, ಅಂಗುಳ, ಗಂಟಲು ತುರಿಸುತ್ತವೆ. ಬೇಯಿಸಿದರೆ ಬಹುತೇಕ ತೊಂದರೆಯಿಲ್ಲ. ರಬ್ಬರ್ ಕೈಗವಸಿನ ಲೇಟೆಕ್ಸ್ ಒಗ್ಗದವರಲ್ಲಿ ಕೆಲವರಿಗೆ ಬಾಳೆಹಣ್ಣು, ಕಿವಿಹಣ್ಣು, ಬೆಣ್ಣೆಹಣ್ಣು ಕೂಡ ಒಗ್ಗುವುದಿಲ್ಲ. ಇಂಥವರು ಬಾಯಿ ಮುಕ್ಕಳಿಸಿ, ಆ ಹಣ್ಣು ಬಿಟ್ಟು, ಅಲರ್ಜಿ ವೈದ್ಯರಿಗೆ ತೋರಿಸಿಕೊಳ್ಳಬೇಕು.

ವೈರಸ್ಸಿನ ನೋವಿಗೆ ಉಪ್ಪುನೀರು, ಬಿಸಿ ಸಾರು, ಒಂದು ವರ್ಷ ದಾಟಿದವರಿಗೆ ಜೇನು ಹಿತ ಕೊಡುತ್ತವೆ; ಅದಕ್ಕೆ ನನ್ನ ತಕರಾರಿಲ್ಲ. ಜ್ವರದಲ್ಲಿ ಊಟ ಸೇರದ ಮಗುವಿನ ಕೈಯಿಂದ ಬಾಳೆಹಣ್ಣು ಕಸಿದುಕೊಳ್ಳುವುದಕ್ಕೆ ತಕರಾರಿದೆ. ಮೆತ್ತಗೆ ನುಂಗಲು ಬರುವ ಆಹಾರ ಅದೇ ಅಲ್ಲವೇ? ಅದಕ್ಕಿಂತ ದೊಡ್ಡ ಆತಂಕ ಇನ್ನೊಂದು. ಹಣ್ಣು ತಿಂದೊಡನೆ ದನಿ ಒಡೆದರೆ, ನಾಲಿಗೆ ಊದಿದರೆ, ಮೈಮೇಲೆ ದದ್ದೆದ್ದು ಉಸಿರು ಕಟ್ಟಿದರೆ ಅದನ್ನೂ ಶೀತವೆಂದು ಶುಂಠಿ ಕಷಾಯಕ್ಕೆ ನೀರಿಡುವವರಿದ್ದಾರೆ. ಆಗ ಬೇಕಿರುವುದು ಅಡ್ರಿನಲಿನ್ ಚುಚ್ಚುಮದ್ದು. ತಡಮಾಡದೆ 108ಕ್ಕೆ ಕರೆ ಮಾಡಿ.