ಹಿಂದೆ ಸರಿಯಲು ಜಾಗವಿಲ್ಲದ ಚಿತ್ರ

ಡೇವಿಡ್ ಹಾಕ್ನಿ ಎಂದರೆ ಈಗ ಐಪ್ಯಾಡ್. ಎಪ್ಪತ್ತು ದಾಟಿದ ಮೇಲೂ ಗಾಜಿನ ಮೇಲೆ ಬೆರಳಾಡಿಸಿ ಹೂವು, ಕಿಟಕಿ, ಮುಂಜಾವು ಬಿಡಿಸಿದ ಕಲಾವಿದ. ತೈಲವರ್ಣಕ್ಕೂ ತಂತ್ರಜ್ಞಾನಕ್ಕೂ ಮದುವೆ ಮಾಡಿಸಿದ ಪುರೋಹಿತ. ಕ್ಯಾಲಿಫೋರ್ನಿಯಾದ ಈಜುಕೊಳಗಳು, ಪೋಲರಾಯ್ಡ್ ಜೋಡಣೆಗಳು, 2018ರಲ್ಲಿ 9 ಕೋಟಿ ಡಾಲರಿಗೆ ಹೋದ ಹರಾಜು ಇವೆಲ್ಲ ಓದುಗರಿಗೆ ಗೊತ್ತಿರುವುದೇ. ನನ್ನ ತಕರಾರು ಆ ಮದುವೆಯ ಬಗ್ಗೆ. ಹಾಕ್ನಿಯ ಕೈಯಲ್ಲಿ ತೈಲವರ್ಣವೂ ಕಂಪ್ಯೂಟರೂ ನಿಜವಾಗಿ ಕೂಡಿ ದುಡಿದದ್ದು ಐಪ್ಯಾಡ್ ಹುಟ್ಟುವುದಕ್ಕೂ ಮೊದಲು, 2007ರ ‘ಬಿಗರ್ ಟ್ರೀಸ್ ನಿಯರ್ ವಾರ್ಟರ್’ ಚಿತ್ರದಲ್ಲಿ. ಅದರಲ್ಲಿ ಕಂಪ್ಯೂಟರ್ ಎಳೆದ ಗೆರೆ ಒಂದೂ ಇಲ್ಲ. ಆ ಕಾರಣಕ್ಕೇ ಇರಬೇಕು, ತಂತ್ರಜ್ಞಾನದ ಮಾತು ಬಂದಾಗ ಅದನ್ನು ಯಾರೂ ಎತ್ತುವುದಿಲ್ಲ.

ಚಿತ್ರದ ಅಗಲ 12 ಮೀಟರಿಗಿಂತ ಹೆಚ್ಚು, ಎತ್ತರ ನಾಲ್ಕೂವರೆ ಮೀಟರ್. ಸಾಲಿಗೆ 10ರಂತೆ 5 ಸಾಲು, ಒಟ್ಟು 50 ಕ್ಯಾನ್ವಾಸ್. ಒಂದೊಂದೂ ಮೂರಡಿಗೆ ನಾಲ್ಕಡಿ. ಇಂಗ್ಲೆಂಡಿನ ಪೂರ್ವ ಯಾರ್ಕ್‌ಶೈರಿನಲ್ಲಿ ವಾರ್ಟರ್ ಎಂಬ ಹಳ್ಳಿಯ ಹತ್ತಿರದ ಮರಗಳು. ನಡುವೆ ದೊಡ್ಡದೊಂದು ಸಿಕಮೋರ್, ಹಿಂದೆ ಇನ್ನೊಂದು ತೋಪು, ಬಲಕ್ಕೆ ಎರಡು ಮನೆ, ಎಡಕ್ಕೆ ತಿರುಗಿ ಹೋಗುವ ರಸ್ತೆ, ಮುಂದೆ ಆಗಷ್ಟೇ ಅರಳಿದ ಡ್ಯಾಫೊಡಿಲ್. ವಸಂತದ ಹೊಸ್ತಿಲು, ಎಲೆ ಚಿಗುರಿಬಿಟ್ಟರೆ ಕೊಂಬೆಗಳ ಹೆಣಿಗೆ ಮುಚ್ಚಿಹೋಗುತ್ತದೆ, ಅಷ್ಟರೊಳಗೆ ಮುಗಿಸಬೇಕು. ಬಯಲಿಗೆ ಒಂದು ಸಲಕ್ಕೆ ಕೆಲವೇ ಕ್ಯಾನ್ವಾಸ್ ಒಯ್ಯಲು ಸಾಧ್ಯ. ಐವತ್ತನ್ನೂ ಒಟ್ಟಿಗೆ ನಿಲ್ಲಿಸುವಷ್ಟು ಗೋಡೆ ಬ್ರಿಡ್ಲಿಂಗ್ಟನ್ನಿನಲ್ಲಿದ್ದ ಆತನ ಮನೆಯಲ್ಲಿ ಇರಲಿಲ್ಲ.

ತೊಡಕು ಹುಟ್ಟುವುದು ಇಲ್ಲಿ. ತೈಲವರ್ಣದ ಕೆಲಸದಲ್ಲಿ ಅರ್ಧ ಭಾಗ ಕಾಲಿನದು. ಹತ್ತಿರ ಹೋಗಿ ಬಣ್ಣ ಹಚ್ಚುವುದು, ನಾಲ್ಕು ಹೆಜ್ಜೆ ಹಿಂದೆ ಬಂದು ನೋಡುವುದು, ಮತ್ತೆ ಹೋಗಿ ತಿದ್ದುವುದು. ಇಷ್ಟು ದೊಡ್ಡ ಚಿತ್ರದ ಮುಂದೆ ನಿಂತವನ ಪಾಡು ತೇರಿನ ಹಗ್ಗ ಹಿಡಿದವನ ಪಾಡು: ಎಳೆಯುತ್ತಿರುವ ತನಕ ತೇರು ಅವನಿಗೆ ಕಾಣುವುದಿಲ್ಲ. ಹಾಕ್ನಿ ಮಾಡಿದ್ದಿಷ್ಟೇ. ಬರೆದ ಕ್ಯಾನ್ವಾಸುಗಳ ಡಿಜಿಟಲ್ ಫೋಟೋ ತೆಗೆಸಿ, ಕಂಪ್ಯೂಟರಿನಲ್ಲಿ ಒಂದರ ಪಕ್ಕ ಒಂದು ಜೋಡಿಸಿ, ಅಲ್ಲಿಯವರೆಗಿನ ಚಿತ್ರವನ್ನು ಇಡಿಯಾಗಿ ನೋಡಿಕೊಂಡ. ಮುಂದಿನ ಕ್ಯಾನ್ವಾಸಿನಲ್ಲಿ ಏನು ಬರಬೇಕೆಂದು ಅದರಿಂದ ತೀರ್ಮಾನಿಸಿದ. ಪರದೆ ಆತನಿಗೆ ಹಿಂದೆ ಸರಿಯುವ ಹೆಜ್ಜೆಗಳನ್ನು ಕೊಟ್ಟಿತು.

ಇದರ ಪರಿಣಾಮ ಚಿತ್ರದ ಮೇಲರ್ಧದಲ್ಲಿ ಕಾಣುತ್ತದೆ. ಅಲ್ಲಿರುವುದು ತಣ್ಣನೆಯ ಆಕಾಶದ ಎದುರು ಹರಡಿಕೊಂಡ ಕೊಂಬೆಗಳು ಮಾತ್ರ. ಒಂದು ಕೊಂಬೆ ಈ ಕ್ಯಾನ್ವಾಸಿನ ಅಂಚು ದಾಟಿ ಪಕ್ಕದ್ದಕ್ಕೆ ಹೋಗಬೇಕು. ಪಕ್ಕದ್ದನ್ನು ಬರೆದದ್ದು ಬೇರೆ ಹೊತ್ತಿನಲ್ಲಿ, ಬೇರೆ ಬೆಳಕಿನಲ್ಲಿ. ಕೊಂಬೆ ಎಲ್ಲಿಗೆ ಹೋಗಬೇಕು, ಎಷ್ಟು ದಪ್ಪ ಇರಬೇಕು ಎಂಬುದನ್ನು ಪರದೆ ಹೇಳೀತು. ಬಣ್ಣ ಎಷ್ಟು ಹಸಿ, ಕುಂಚ ಎಷ್ಟು ಒತ್ತಬೇಕು ಎಂಬುದನ್ನು ಹೇಳಲಾರದು, ಏಕೆಂದರೆ ಹನ್ನೆರಡು ಮೀಟರನ್ನು ಮೇಜಿನ ಮೇಲಕ್ಕೆ ಕುಗ್ಗಿಸಿದಾಗ ಕುಂಚದ ಗುರುತೆಲ್ಲ ಅಳಿಸಿಹೋಗಿರುತ್ತದೆ. ಹೀಗಾಗಿ ರಚನೆಯ ನಿರ್ಧಾರ ಒಂದು ಅಳತೆಯಲ್ಲಿ, ಕೈಯ ನಿರ್ಧಾರ ಇನ್ನೊಂದು ಅಳತೆಯಲ್ಲಿ. ಎರಡೂ ಒಂದರ ಕೆಲಸದಲ್ಲಿ ಒಂದು ತಲೆಹಾಕಲಿಲ್ಲ. ಒಂದೇ ಕಣ್ಣಿನ ಪರ್ಸ್‌ಪೆಕ್ಟಿವ್ ಬಗ್ಗೆ ದಶಕಗಟ್ಟಲೆ ಜಗಳವಾಡಿದ ಕಲಾವಿದನಿಗೆ ಐವತ್ತು ನಿಲುವುಗಳಿಂದ ನೋಡಿದ ಮರ ದಕ್ಕಿದ್ದು ಹೀಗೆ. ಕೆಲವು ಕಡೆ ರೆಂಬೆಗಳು ಅವಸರದಲ್ಲಿ ತೆಳುವಾಗಿವೆ, ನಿಜ. ಎಲೆಗಳು ಕಾಯುವುದಿಲ್ಲವಲ್ಲ.

ಇನ್ನು ಐಪ್ಯಾಡ್. 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ವೋಲ್ಡ್‌ಗೇಟ್ ರಸ್ತೆಯ ವಸಂತಾಗಮನವನ್ನು 51 ಐಪ್ಯಾಡ್ ಚಿತ್ರಗಳ ಮುದ್ರಣದಲ್ಲಿಯೂ, ಜೊತೆಗೆ 32 ಕ್ಯಾನ್ವಾಸಿನ ಒಂದು ತೈಲಚಿತ್ರದಲ್ಲಿಯೂ ತೋರಿಸಿದರು. ಸುಮಾರು ಹತ್ತಿಂಚಿನ ಗಾಜಿನ ಮೇಲೆ ಎಳೆದ ಗೆರೆಯನ್ನು ಹಲವು ಪಟ್ಟು ಹಿಗ್ಗಿಸಿದರೆ ದೊಡ್ಡದಾಗುವುದು ಗೆರೆ ಮಾತ್ರ, ಕೈಯ ಶ್ರಮ ದೊಡ್ಡದಾಗುವುದಿಲ್ಲ. ಹಸಿ ಹಳದಿಯ ಮೇಲೆ ನೀಲಿ ಹೋದಾಗ ಕುಂಚಕ್ಕೆ ತಾನಾಗಿ ಅಂಟುವ ಹಸಿರು ಗಾಜಿನ ಮೇಲೆ ಹುಟ್ಟುವುದಿಲ್ಲ. ಅಲ್ಲಿ ಹಸಿರನ್ನು ಆರಿಸಿಕೊಳ್ಳಬೇಕು. ಆ 51ರಲ್ಲಿ ಚುರುಕಾದ ಕೆಲವು ಇವೆ, ಮಳೆಯ ಹೊಂಡಗಳಂತೂ ಚೆನ್ನಾಗಿವೆ. ಆದರೆ ಅವು ದಿನಚರಿಯ ಪುಟಗಳು. ಗೋಡೆಗೇರಿಸಿದ್ದು ತಪ್ಪು.

ಆ ಪ್ರದರ್ಶನದ ಬಗ್ಗೆ ನಡೆದ ಗದ್ದಲ ನನಗೆ ಇನ್ನೂ ಬೇಸರ ತರಿಸುತ್ತದೆ. ಬ್ರಯಾನ್ ಸ್ಯೂವೆಲ್ ಎಂಬ ಖ್ಯಾತ ಮುಂಗೋಪಿ ವಿಮರ್ಶಕ ಇಡೀ ಪ್ರದರ್ಶನವನ್ನೇ ಹಿಗ್ಗಾಮುಗ್ಗಾ ಬೈದ. ಎದುರು ಪಾಳಯದವರು ಈ ವಯಸ್ಸಿನಲ್ಲಿ ಎಂಥ ಉತ್ಸಾಹ ಎಂದು ಮುದುಕನ ಬೆನ್ನು ತಟ್ಟಿದರು. ಬೈದವನಿಗೆ ಐಪ್ಯಾಡೂ ಎಣ್ಣೆಬಣ್ಣವೂ ಒಂದೇ ಕಸ. ತಟ್ಟಿದವರಿಗೆ ಉಪಕರಣ ಹೊಸದಾಗಿದ್ದದ್ದೇ ಗುಣ. ಉಪಕರಣ ಚಿತ್ರದೊಳಗೆ ಏನು ಮಾಡಿತು ಎಂದು ಇಬ್ಬರೂ ಕೇಳಲಿಲ್ಲ. 2001ರಲ್ಲಿ ‘ಸೀಕ್ರೆಟ್ ನಾಲೆಡ್ಜ್’ ಪುಸ್ತಕ ಬಂದಾಗಲೂ ಆದದ್ದು ಇದೇ. ಹದಿನೈದನೇ ಶತಮಾನದಿಂದಲೇ ಯುರೋಪಿನ ಹಳೆಯ ಚಿತ್ರಕಾರರು ಕನ್ನಡಿ, ಮಸೂರ ಬಳಸುತ್ತಿದ್ದರು ಎಂದು ಹಾಕ್ನಿ ವಾದಿಸಿದ ಕೂಡಲೇ ಎಷ್ಟೋ ವಿದ್ವಾಂಸರು ಅವರಲ್ಲೊಬ್ಬನಾದ ವಾನ್ ಐಕ್‌ನನ್ನು ಕಳ್ಳನೆಂದು ಕರೆದ ಹಾಗೆ ಕೆರಳಿದರು. ಆ ವಾದದ ಚರಿತ್ರೆಯ ಭಾಗ ನನಗೂ ಒಪ್ಪಿಗೆಯಿಲ್ಲ. ಆದರೆ ಉಪಕರಣ ನೋಡಲು ನೆರವಾಗುತ್ತದೆ, ಬರೆಯಬೇಕಾದವನು ಚಿತ್ರಕಾರನೇ ಎಂಬ ಅದರ ತಿರುಳಿಗೆ ವಾರ್ಟರ್ ಮರಗಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈ ಗೊಂದಲದಲ್ಲಿ ಹಾಕ್ನಿಯ ಪಾಲೂ ಇದೆ. ಮರಗಳ ಚಿತ್ರಕ್ಕೆ ಫ್ರೆಂಚಿನಲ್ಲಿ ಒಂದು ಉದ್ದನೆಯ ಉಪಶೀರ್ಷಿಕೆ ಕೊಟ್ಟು, ಫೋಟೋಗ್ರಫಿಯ ನಂತರದ ಹೊಸ ಯುಗದ ಚಿತ್ರವೆಂದು ಸಾರಿಕೊಂಡ. ರಾಯಲ್ ಅಕಾಡೆಮಿಯಲ್ಲಿ ಅದರ ಅಷ್ಟೇ ದೊಡ್ಡ ಎರಡು ಡಿಜಿಟಲ್ ಪ್ರತಿಗಳನ್ನು ಅಕ್ಕಪಕ್ಕದ ಗೋಡೆಗಳಿಗೆ ತೂಗುಹಾಕಿಸಿದ. ಸದ್ದಿಲ್ಲದೆ ದುಡಿದ ಯಂತ್ರವನ್ನು ಕೊನೆಗೆ ಕೈಹಿಡಿದು ವೇದಿಕೆಗೆ ಎಳೆತರುವ ಆಸೆಯನ್ನು ತಡೆದುಕೊಳ್ಳಲಿಲ್ಲ.

2008ರಲ್ಲಿ ಆತ ವಾರ್ಟರ್ ಚಿತ್ರವನ್ನು ಟೇಟ್ ಕಲಾಸಂಗ್ರಹಾಲಯಕ್ಕೆ ದಾನ ಕೊಟ್ಟ. ಹನ್ನೆರಡು ಮೀಟರಿನ ಗೋಡೆ ಬೇಡುವ ಚಿತ್ರ ಪುಸ್ತಕದ ಪುಟದಲ್ಲಿ ಸಣ್ಣದೊಂದು ಪೊದೆಯಾಗಿಬಿಡುತ್ತದೆ, ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ನೋಡುವವರಿಗಂತೂ ಅಷ್ಟೂ ಇಲ್ಲ. ಐಪ್ಯಾಡ್ ಚಿತ್ರ ಅದೇ ಮೊಬೈಲಿನಲ್ಲಿ ತನ್ನ ಹುಟ್ಟೂರಿನಲ್ಲಿದ್ದಂತೆ ಹೊಳೆಯುತ್ತದೆ. ಅದರ ಕೀರ್ತಿಯಲ್ಲಿ ಈ ಅನುಕೂಲದ ಪಾಲೆಷ್ಟು ಎಂದು ಹೊಗಳುವವರು ಲೆಕ್ಕ ಕೊಡಲಿ.