ಶಾಸ್ತ್ರಗದ್ಯದಲ್ಲಿ ‘ಹಾನಿ’ ಎಂಬ ಶಬ್ದ

ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಬರೆಯುವವರು ಪಾರಿಭಾಷಿಕ ಶಬ್ದಗಳಿಗಾಗಿ ಬಹಳ ಶ್ರಮಪಟ್ಟಿರುವರು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಂದಿನಿಂದ, ಬೆಂಗಳೂರಿನ ಬನಶಂಕರಿಯಲ್ಲಿ ನೆಲೆಗೊಂಡ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಪ್ರಕಟನೆಗಳವರೆಗೆ, ಈ ಶ್ರಮವು ನಡೆದುಬಂದಿದೆ. ‘ಅರ್ಬುದ’ವೋ, ‘ಏಡಿಗಂತಿ’ಯೋ, ‘ಕ್ಯಾನ್ಸರ್’ ಎಂಬುದೇ ಸಾಕೋ ಎಂಬ ಚರ್ಚೆಯು ಇದಕ್ಕೆ ಒಂದು ನಿದರ್ಶನ. ಆದರೆ ಅರ್ಥಕ್ಕೆ ಕುಂದು ಬರುವುದು ಅನೇಕ ವೇಳೆ ಎಲ್ಲರಿಗೂ ತಿಳಿದ ಹಳೆಯ ಶಬ್ದದಿಂದಲೇ. ‘ಹಾನಿ’ಯು ಅಂಥ ಶಬ್ದ.

“ಪರಿಸರದ ಮಲಿನವಸ್ತುಗಳು ಸ್ತನಕ್ಯಾನ್ಸರಿನ ಕೋಶಗಳಿಗೆ ಹಾನಿಮಾಡುತ್ತವೆ” ಎಂಬ ಬಗೆಯ ವಾಕ್ಯವನ್ನು ಪರೀಕ್ಷಿಸಬಹುದು. ವ್ಯಾಕರಣದ ದೋಷವೇನೂ ಇದರಲ್ಲಿಲ್ಲ. ಆದರೆ ಹಾನಿಯು ಯಾರಿಗೆ ಎಂಬುದನ್ನು ಹೇಳುವ ಚತುರ್ಥೀ ವಿಭಕ್ತಿಯು ಇಲ್ಲಿ ರೋಗದ ಕೋಶಕ್ಕೆ ಹತ್ತಿದೆ. ಶತ್ರುವಿಗಾದ ಹಾನಿಯು ತನಗೆ ಲಾಭವೆಂದು ತಿಳಿಯುವುದು ಲೋಕರೂಢಿ. ಆದುದರಿಂದ ಸರಳಬುದ್ಧಿಯ ವಾಚಕನು ಹೊಗೆಯೂ ಕೀಟನಾಶಕವೂ ಔಷಧವೆಂದು ಭ್ರಮಿಸುವುದಕ್ಕೆ ಅವಕಾಶವುಂಟು.

ವಸ್ತುಸ್ಥಿತಿಯಾದರೋ ಬೇರೆ. ವಾಹನಗಳ ಹೊಗೆಯಲ್ಲಿರುವ ಬೆಂಜೋಪೈರೀನ್ ಎಂಬ ದ್ರವ್ಯವು ಕೋಶದೊಳಗೆ ರೂಪಾಂತರ ಹೊಂದಿ ಡಿ.ಎನ್.ಎ.ಗೆ ಅಂಟಿಕೊಳ್ಳುತ್ತದೆ. ಪೆಟ್ಟು ವಿಪರೀತವಾದರೆ ಕೋಶವು ಸಾಯುವುದು. ಸಾಯದೆ ತಪ್ಪಾಗಿ ದುರಸ್ತಿಗೊಂಡರೆ ಆ ತಪ್ಪು ಅದರ ಸಂತತಿಗೆಲ್ಲ ಇಳಿದು, ರೋಗವು ಇನ್ನಷ್ಟು ಉಗ್ರವಾಗಬಹುದು. ಇವೆರಡಕ್ಕೂ ಭಿನ್ನವಾದ ಮೂರನೆಯ ಬಗೆಯೊಂದುಂಟು. ೧೯೯೪ರಲ್ಲಿ ಅಮೆರಿಕದ ಆನಾ ಸೋಟೋ ಮತ್ತು ಅವರ ಸಂಗಡಿಗರು, ಎಂ.ಸಿ.ಎಫ್.-೭ ಎಂಬ ಸ್ತನಕ್ಯಾನ್ಸರ್ ಕೋಶಗಳ ಮೇಲೆ ಎಂಡೋಸಲ್ಫಾನನ್ನು ಪ್ರಯೋಗಿಸಿದಾಗ ಅವು ವೃದ್ಧಿಹೊಂದಿದುದನ್ನು ಪ್ರಕಟಿಸಿದರು. ಆ ವಿಷವು ಈಸ್ಟ್ರೋಜನ್ ಹಾರ್ಮೋನಿನ ಸೋಗುಹಾಕಿ ಕೋಶವನ್ನು ಬೆಳೆಸಿತು. ಕೊಲ್ಲುವುದು, ಕೆಡಿಸುವುದು, ಬೆಳೆಸುವುದು—ಈ ಮೂರನ್ನೂ ‘ಹಾನಿ’ ಎಂಬ ಒಂದೇ ಮಾತಿನಲ್ಲಿ ಅಡಗಿಸಿದರೆ ಶಾಸ್ತ್ರವು ಕಂಡ ಭೇದವನ್ನು ಭಾಷೆಯು ಅಳಿಸಿದಂತಾಗುವುದು.

ಸಂಕ್ಷೇಪಕ್ಕಾಗಿ ಇಂಥ ಶಬ್ದವು ಅನಿವಾರ್ಯವೆಂದು ಕೆಲವರು ಸಮರ್ಥಿಸಬಹುದು. ಆದರೆ ಮೇಲಿನ ಮೂರು ಕ್ರಿಯಾಪದಗಳೂ ‘ಹಾನಿಮಾಡು’ ಎಂಬುದಕ್ಕಿಂತ ಉದ್ದವಾದುವಲ್ಲ, ಮೂರೂ ಅಚ್ಚಗನ್ನಡದವು. ಇಲ್ಲಿ ಕೊರತೆಯಿರುವುದು ಭಾಷೆಯ ಶಕ್ತಿಯಲ್ಲಲ್ಲ, ಲೇಖಕನ ವಿವೇಚನೆಯಲ್ಲಿ.

ಈ ವಿಚಾರವು ಪಂಡಿತರ ವಿನೋದಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಕನ್ನಡವನ್ನಾಡುವ ಕಾಸರಗೋಡಿನ ಎಣ್ಮಕಜೆ, ಪಡ್ರೆ ಮೊದಲಾದ ಊರುಗಳ ಗೇರುತೋಟಗಳ ಮೇಲೆ ೨೦೦೦ದವರೆಗೂ ಹೆಲಿಕಾಪ್ಟರಿನಿಂದ ಇದೇ ಎಂಡೋಸಲ್ಫಾನು ಸುರಿಯುತ್ತಿದ್ದಿತು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶದಲ್ಲೆಲ್ಲ ತಡೆಯಿತು. ಇತ್ತ ಜಯನಗರದ ಸಮೀಪದಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಆಸ್ಪತ್ರೆಗೆ ನಾಡಿನ ಮೂಲೆಮೂಲೆಗಳಿಂದ ರೋಗಿಗಳು ಬರುತ್ತಾರೆ. ಬೆಂಗಳೂರಿನ ಹೆಂಗಸರ ಕ್ಯಾನ್ಸರುಗಳಲ್ಲಿ ಸ್ತನದ್ದೇ ಮೊದಲನೆಯದು. ಇವರ ಮನೆಯವರು ಓದಬಲ್ಲುದು ಕನ್ನಡದ ಲೇಖನವನ್ನೇ.

ಅಂಥ ಓದುಗರ ಮುಂದೆ ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಗಾಜಿನ ತಟ್ಟೆಯಲ್ಲಿ ಕೋಶವು ಬೆಳೆದುದರಿಂದಲೇ ಒಬ್ಬ ಹೆಂಗಸಿನ ರೋಗಕ್ಕೆ ಅದೇ ಕಾರಣವೆಂದು ಸಿದ್ಧವಾಗುವುದಿಲ್ಲ. ದೇಹಕ್ಕೆ ಸೇರಿದ ಪ್ರಮಾಣ, ಕಾಲ, ವಯಸ್ಸು ಇವೆಲ್ಲವೂ ವಿಚಾರಾರ್ಹ. “ತಟ್ಟೆಯಲ್ಲಿನ ಕೋಶಗಳನ್ನು ಬೆಳೆಸಿತು” ಎಂಬ ವಾಕ್ಯದಲ್ಲಿ ಈ ಮಿತಿಯು ತಾನಾಗಿ ಅಡಕವಾಗಿದೆ. “ಹಾನಿಮಾಡಿತು” ಎಂಬುದರಲ್ಲಿ ಅದು ಕಾಣದು. ಹೆದರಿಕೆಯನ್ನಾಗಲಿ ಹುಸಿಭರವಸೆಯನ್ನಾಗಲಿ ಹುಟ್ಟಿಸದೆ, ನಡೆದುದನ್ನು ನಡೆದಷ್ಟೇ ಹೇಳುವ ಗದ್ಯವು ಕನ್ನಡಕ್ಕೆ ದುಸ್ಸಾಧ್ಯವೇನಲ್ಲ. ಕಾಲೇಜಿನ ತರಗತಿಗಳಲ್ಲಿ ಕಾವ್ಯದ ಶಬ್ದೌಚಿತ್ಯವನ್ನು ಬೋಧಿಸುವ ಅಧ್ಯಾಪಕರು ಶಾಸ್ತ್ರಲೇಖನದ ಒಂದು ಪುಟವನ್ನೂ ಅದೇ ಒರೆಗೆ ಹಚ್ಚಿದರೆ ಈ ಗದ್ಯವು ಬೇಗನೆ ಬಲಿಯುವುದು.