ಷಟ್ಪದಿಯ ಪಾಠವೂ ಧ್ವನಿಮುದ್ರಣದ ಉಪಕರಣವೂ

ತರಗತಿಯಲ್ಲಿ ಗಣಕಯಂತ್ರವು ಬೇಕೆ ಬೇಡವೆ ಎಂಬ ವಾದವು ಈಗ ಹಳೆಯದಾಯಿತು. ಕೇಂದ್ರ ಸರಕಾರದ ‘ದೀಕ್ಷಾ’ ಜಾಲವು 2017ರಲ್ಲಿ ಆರಂಭವಾದ ಮೇಲೆ ಪಠ್ಯಪುಸ್ತಕದ ಪುಟದಲ್ಲಿಯೇ ಕ್ಯೂಆರ್ ಕೋಡು ಅಚ್ಚಾಗಿ ಬರುತ್ತಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯು 2016ರಿಂದ ನಿಘಂಟುಗಳನ್ನು ಅಂಗೈಗೆ ತಂದಿರಿಸಿದೆ. ಇವು ಉಪಕಾರಿಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಇವು ಸಿದ್ಧಾನ್ನವನ್ನು ಬಡಿಸುವ ಸಾಧನಗಳು. ವಿದ್ಯಾರ್ಥಿಯು ತಾನೇ ಒಂದನ್ನು ರಚಿಸುವಂತೆ ಮಾಡುವ ಸಾಧನಗಳು ಬೇರೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಕಾವ್ಯಪಾಠಕ್ಕೆ ಆಗುವ ಹಾನಿಯೇ ಇಲ್ಲಿಯ ವಿಚಾರ.

ಉದಾಹರಣೆಗೆ, ಕುಮಟೆಗೂ ಹೊನ್ನಾವರಕ್ಕೂ ನಡುವೆ ಕಡಲ ಕರೆಯಲ್ಲಿರುವ ಧಾರೇಶ್ವರದ ಒಂದು ತರಗತಿಯನ್ನು ಎಣಿಸಿಕೊಳ್ಳೋಣ. ರಾವಣನ ಆತ್ಮಲಿಂಗದ ಕಥೆಗೆ ಸೇರಿದ ಐದು ಕ್ಷೇತ್ರಗಳಲ್ಲಿ ಇದೊಂದು. ಆದರೆ ಈ ಊರನ್ನು ಆರಿಸಿದುದು ಕ್ಷೇತ್ರಮಹಿಮೆಗಾಗಿ ಅಲ್ಲ. ಈ ಪ್ರಾಂತದಲ್ಲಿ ಭಾಮಿನಿ ವಾರ್ಧಕಗಳು ಯಕ್ಷಗಾನದ ದೆಸೆಯಿಂದ ಪುಸ್ತಕದ ಹೊರಗೂ ಬದುಕಿವೆ. ಇಡಗುಂಜಿಯ ಹೆಸರಿನ ಕೆರೆಮನೆ ಮೇಳವು 1934ರಲ್ಲಿ ಹುಟ್ಟಿದುದು ಹೊನ್ನಾವರದ ಸೀಮೆಯಲ್ಲಿ. ಧಾರೇಶ್ವರದ ಹೆಸರನ್ನೇ ಹೊತ್ತ ಭಾಗವತರಾದ ಸುಬ್ರಹ್ಮಣ್ಯ ಧಾರೇಶ್ವರರು 2024ರಲ್ಲಿ ತೀರಿಕೊಂಡರೂ ಅವರ ಕಂಠವು ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ. ಆದುದರಿಂದ ಇಲ್ಲಿಯ ಉಪಾಧ್ಯಾಯನಿಗೆ ಮೊದಲು ತೋಚುವ ಉಪಾಯವೆಂದರೆ, ಭಾಗವತರು ಹಾಡಿದ ಒಂದು ಭಾಮಿನಿಯನ್ನು ಮಕ್ಕಳಿಗೆ ಕೇಳಿಸಿ, ಅನಂತರ ಲಕ್ಷಣವನ್ನು ಹೇಳುವುದು.

ಈ ಕ್ರಮವು ತಲೆಕೆಳಗಾದುದೆಂದು ನಮ್ಮ ಮತ. ಭಾಮಿನಿಯ ಒಂದನೆಯ, ಎರಡನೆಯ, ನಾಲ್ಕನೆಯ, ಐದನೆಯ ಪಾದಗಳಲ್ಲಿ ಮೂರು ನಾಲ್ಕು ಮೂರು ನಾಲ್ಕು ಎಂದು 14 ಮಾತ್ರೆಗಳು, ಮೂರನೆಯ ಆರನೆಯ ಪಾದಗಳಲ್ಲಿ ಕೊನೆಯ ಗುರುವೂ ಸೇರಿ 23, ಒಟ್ಟು 102. ಯಕ್ಷಗಾನದಲ್ಲಿಯಾದರೋ ಭಾಮಿನಿಯನ್ನು ತಾಳದ ಕಟ್ಟಿಲ್ಲದೆ, ರಾಗವನ್ನು ಬೆಳೆಸಿ ಹಾಡುವುದು ರೂಢಿ. ಅಲ್ಲಿ ಮಗುವು 14ನ್ನು ಹುಡುಕಿದರೆ ಸಿಕ್ಕದು. ಇನ್ನೊಂದು ದೋಷವು ಇದಕ್ಕಿಂತ ದೊಡ್ಡದು: ಅಂತಹ ಕಂಠವನ್ನು ಕೇಳಿದ ಮೇಲೆ ಹದಿಮೂರು ವರ್ಷದ ಹುಡುಗನು ತನ್ನ ಬಾಯನ್ನು ತೆರೆಯಲು ನಾಚುವನು. ತರಗತಿಯು ಸಭೆಯಾಗುವುದು, ವಿದ್ಯಾರ್ಥಿಯು ಪ್ರೇಕ್ಷಕನಾಗುವನು.

ಉಪಕರಣವು ಮೊದಲು ಹಿಡಿಯಬೇಕಾದುದು ಹುಡುಗನ ದನಿಯನ್ನೇ. 2000ದಲ್ಲಿ ಹೊರಬಂದ ‘ಆಡಾಸಿಟಿ’ ಎಂಬ ತಂತ್ರಾಂಶವು ಬೆಲೆಯಿಲ್ಲದೆ ದೊರೆಯುವುದು. ಅದು ದನಿಯನ್ನು ಮುದ್ರಿಸಿ ತೆರೆಯ ಮೇಲೆ ಅಲೆಯ ಗೆರೆಯಾಗಿ ತೋರಿಸುವುದು. ಶ್ರುತಿಯನ್ನು ಕೆಡಿಸದೆ ನಡೆಯನ್ನು ನಿಧಾನಿಸಬಲ್ಲದು. ಒಬ್ಬನಿಂದ ‘ಕತೆ’ ಎಂದೂ ‘ಕತ್ತೆ’ ಎಂದೂ ಹೇಳಿಸಿ ನೋಡಬೇಕು. (ಮಕ್ಕಳು ನಗುವರು, ನಗಲಿ.) ಮೊದಲನೆಯದರಲ್ಲಿ ತಕಾರಕ್ಕೆ ಮುಂಚೆ ಗೆರೆಯಲ್ಲಿ ಒಂದು ಸಣ್ಣ ಬಿರುಕು, ಎರಡನೆಯದರಲ್ಲಿ ಅದೇ ಬಿರುಕು ಅಗಲವಾದ ಬಯಲು. ಅಲ್ಲಿ ದನಿಯೇ ಇಲ್ಲ. ನಾಲಿಗೆಯು ಹಲ್ಲಿಗೆ ಒತ್ತಿ ನಿಂತಿರುವ ಹೊತ್ತು ಅದು. ಛಂದಸ್ಸಿನಲ್ಲಿ ‘ಕತೆ’ಗೆ ಎರಡು ಮಾತ್ರೆ, ‘ಕತ್ತೆ’ಗೆ ಮೂರು. ಹೆಚ್ಚಿದ ಮಾತ್ರೆಯು ಮೌನದಿಂದ ಬಂದುದು! ಒತ್ತಕ್ಷರದ ಹಿಂದಿನ ಹ್ರಸ್ವವು ಗುರುವಾಗುವುದೆಂಬ ಸೂತ್ರವನ್ನು ನಾವು ತಲೆಮಾರುಗಳಿಂದ ಬಾಯಿಪಾಠ ಮಾಡಿಸಿದ್ದೇವೆ. ಏಕೆಂದು ಕೇಳಿದ ಮಗುವಿಗೆ ಕಣ್ಣಿಗೆ ಕಾಣುವ ಉತ್ತರವನ್ನು ಕೊಟ್ಟುದು ಅಪೂರ್ವ. ‘ಬಣ್ಣ’ ಎಂದರೆ ಬಯಲು ಕಾಣದು, ಅನುನಾಸಿಕವು ಮೊಳಗುತ್ತಲೇ ಇರುವುದು. ‘ಕಾಸು’ ಎಂದರೆ ಸ್ವರವೇ ಉದ್ದವಾಗುವುದು. ಮೂರೂ ಗುರುಗಳೇ, ಆದರೆ ಮೂರು ಬಗೆಯ ಗುರುಗಳು. ಇದನ್ನು ಕಂಡ ಹುಡುಗನು ತಾನೇ ಮೂರು ನಾಲ್ಕರ ಗಣಗಳಲ್ಲಿ ಒಂದು ಪಾದವನ್ನು ಕಟ್ಟಿ, ಓದಿ, ಮುದ್ರಿಸಿ ಪರೀಕ್ಷಿಸಿಕೊಳ್ಳಬಲ್ಲನು. ಸೃಜನವೆಂಬ ಮಾತಿಗೆ ಇಲ್ಲಿ ಅರ್ಥವುಂಟು.

ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆಯು ಬೇಕು. ಗೆರೆಯನ್ನು ಅಳೆದರೆ ಗುರುವು ಲಘುವಿನ ಸರಿಯಾಗಿ ಇಮ್ಮಡಿಯಾಗಿರುವುದಿಲ್ಲ. ಮಾತ್ರೆಯು ಲಕ್ಷಣಕಾರರ ಸಂಕೇತ, ಗಡಿಯಾರದ ಕ್ಷಣವಲ್ಲ. ಯಂತ್ರವನ್ನು ನಂಬಿ ನಾಗವರ್ಮನ ಛಂದೋಂಬುಧಿಯನ್ನು ತಿದ್ದಲು ಹೊರಡುವ ಉತ್ಸಾಹಿಗಳು ಇದನ್ನು ಮರೆಯಬಾರದು.

ಇನ್ನು ಯಂತ್ರವನ್ನೇ ಒಲ್ಲದ ನಮ್ಮವರ ಪೂರ್ವಪಕ್ಷ. ಗುರುಮುಖದಿಂದ ಬಂದುದೇ ವಿದ್ಯೆಯೆಂಬ ಅವರ ಮಾತನ್ನು ಪಾಠಶಾಲೆಯಲ್ಲಿ ಓದಿದವರಾರೂ ಹಗುರವಾಗಿ ಕಾಣಲಾರರು. ಆದರೆ ಪಾಣಿನೀಯ ಶಿಕ್ಷೆಯು ಅಧಮ ಪಾಠಕರಲ್ಲಿ ಬರೆದುದನ್ನು ನೋಡಿ ಓದುವವನನ್ನೂ ಸೇರಿಸಿದೆ. ಒಂದು ಕಾಲಕ್ಕೆ ಬರಹವೇ ಸಂದೇಹಕ್ಕೆ ಪಾತ್ರವಾದ ಉಪಕರಣವಾಗಿತ್ತು. ಈಗ ಆ ಬರಹವನ್ನು ಮುಂದಿಟ್ಟುಕೊಂಡೇ ಧ್ವನಿಮುದ್ರಣವನ್ನು ಹಳಿಯುತ್ತೇವೆ. ಅದೇ ಪಟ್ಟಿಯಲ್ಲಿ ಅರ್ಥವರಿಯದೆ ಓದುವವನೂ ಇದ್ದಾನೆ. ಅವನನ್ನು ಗುರುತಿಸುವ ಕೆಲಸವು ಯಂತ್ರದಿಂದ ಆಗದು. ಪದವನ್ನು ಎಲ್ಲಿ ಒಡೆಯಬೇಕು, ಎಲ್ಲಿ ಉಸಿರನ್ನು ನಿಲ್ಲಿಸಬೇಕು ಎಂಬುದನ್ನು ಅನ್ವಯವು ನಿರ್ಣಯಿಸುವುದು; ಅದು ಉಪಾಧ್ಯಾಯನ ಪಾಲಿನದು.

ಭಾಗವತರ ಮುದ್ರಿಕೆಗೆ ಸರದಿ ಬರುವುದು ಇವೆಲ್ಲ ಆದ ಮೇಲೆ. ಆಗ ಹುಡುಗನು 14ನ್ನು ಕಿವಿಯಲ್ಲಿ ಇಟ್ಟುಕೊಂಡು ಕೇಳುವನು. ಭಾಗವತರು ಅದನ್ನು ಯಾವ ಅಕ್ಷರದಲ್ಲಿ ಮೀರಿದರು, ಯಾವ ಭಾವಕ್ಕಾಗಿ ಮೀರಿದರು ಎಂದು ಬೆರಳಿಟ್ಟು ತೋರಿಸುವನು. ನಾಚಿ ಬಾಯಿ ಮುಚ್ಚಿದ್ದವನಿಂದ ಈ ವಿಮರ್ಶೆಯು ಹೊರಡುತ್ತಿರಲಿಲ್ಲ.

ಅನುಕೂಲತೆಯ ಮಾತೊಂದು ಉಳಿದಿದೆ. ಮಕ್ಕಳಿಗೊಂದೊಂದು ಗಣಕಯಂತ್ರವು ಬೇಡ. ಉಪಾಧ್ಯಾಯನ ದೂರವಾಣಿಯಲ್ಲಿ ಮುದ್ರಿಸಿ ಒಂದೇ ತೆರೆಯಲ್ಲಿ ತೋರಿಸಿದರೆ ಸಾಕು. ಕರಾವಳಿಯಲ್ಲಿ ಆಷಾಢ ಶ್ರಾವಣಗಳ ಮಳೆಯು ಹಂಚಿನ ಮಾಡಿನ ಮೇಲೆ ಸುರಿಯುವಾಗ ಗೆರೆಯ ಬಯಲುಗಳೆಲ್ಲ ಮಳೆಯ ಸದ್ದಿನಿಂದ ತುಂಬಿಹೋಗುವುವು. ಆ ತಿಂಗಳುಗಳಲ್ಲಿ ಬಾಯಿಪಾಠವನ್ನೂ ಪದಚ್ಛೇದವನ್ನೂ ಮುಗಿಸಿ, ದಸರೆಯ ರಜೆಯ ಅನಂತರ ಧ್ವನಿಮುದ್ರಣಕ್ಕೆ ತೊಡಗುವುದು ಲೇಸು.